ಎದುರು ಕಡೆಯವರಿಗೂ ಒಂದು ಗೇಟು ಕೊಡಿ

ಬೆಂಗಳೂರಿನಲ್ಲಿ ಫುಟ್‌ಬಾಲ್ ಪಂದ್ಯಗಳಿಗೆ ಅನುಮತಿ ಕೊಡುವವರಿಗೆ, ಟಿಕೆಟ್ ಮಾರುವವರಿಗೆ, ಬಂದೋಬಸ್ತ್ ನೋಡಿಕೊಳ್ಳುವವರಿಗೆ,

ಮಾನ್ಯರೇ,

ಮೊದಲೇ ಹೇಳಿಬಿಡುತ್ತೇನೆ, ನಾನು ಯಾವ ಕಡೆಗೂ ಸೇರದ ಮನುಷ್ಯ ಅಲ್ಲ. 2013ರ ಸೆಪ್ಟೆಂಬರಿನಲ್ಲಿ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ಪಂದ್ಯ ಆಡಿ ಮೋಹನ್ ಬಾಗಾನ್ ಜೊತೆ 1–1 ಡ್ರಾ ಮಾಡಿಕೊಂಡಿತಲ್ಲ, ಅವತ್ತಿನಿಂದ ನಾನು ನೀಲಿ ಅಂಗಿಯವನು. ಕೇರಳದವರು ಸೋತ ರಾತ್ರಿ ನನಗೆ ನಿದ್ದೆ ಚೆನ್ನಾಗಿ ಬರುತ್ತದೆ. ಚೆನ್ನೈಯವರು ಸೋತ ಮಾರನೇ ದಿನ ಕಾಫಿಗೆ ರುಚಿ ಜಾಸ್ತಿ. ಇದನ್ನು ನನ್ನ ಹೆಂಡತಿ ಕಾಯಿಲೆ ಅನ್ನುತ್ತಾಳೆ. ಇರಬಹುದು.

ಇಂಥವನು ಎದುರು ಕಡೆಯವರ ಪರವಾಗಿ ನಿಮ್ಮ ಮುಂದೆ ಅರ್ಜಿ ಹಿಡಿದು ನಿಂತಿದ್ದಾನೆ. ಬೇಡಿಕೆ ಒಂದೇ. ಬೆಂಗಳೂರಿನಲ್ಲಿ ಮುಂದೆ ಯಾವ ಕಪ್ ಫೈನಲ್ ನಡೆದರೂ, ಎದುರು ತಂಡದ ಜನರಿಗೆ ಅವರದೇ ಒಂದು ಸ್ಟ್ಯಾಂಡು, ಅದಕ್ಕೆ ಅವರದೇ ಒಂದು ಗೇಟು ಕೊಡಿ. ಫೈನಲ್ ಯಾಕೆ, ದೊಡ್ಡ ಲೀಗ್ ಪಂದ್ಯಗಳಿಗೂ ಕೊಡಿ. ಆದರೆ ಫೈನಲ್‌ನಿಂದ ಶುರು ಮಾಡಿ.

ಯಾಕೆ ಅಂತ ಹೇಳಬೇಕಾದರೆ ಒಂದು ಅಂಗಿಯ ಕತೆ ಹೇಳಬೇಕು.

ನಮ್ಮ ಬೀದಿಯಲ್ಲಿ ಮೂರು ಮನೆ ಆಚೆ ಒಂದು ಮಲಯಾಳಿ ಕುಟುಂಬ ಇದೆ. ಮಲಯಾಳಿ ಅನ್ನುವುದು ಮನೆಯೊಳಗೆ. ಹೊರಗೆ ಬಂದರೆ ಆತನ ಕನ್ನಡ ನನ್ನ ಕನ್ನಡಕ್ಕಿಂತ ಚೆನ್ನಾಗಿದೆ. ಹುಟ್ಟಿದ್ದು ಜಾಲಹಳ್ಳಿಯಲ್ಲಿ. ಅವರಪ್ಪ ಎಚ್‌ಎಂಟಿ ನೌಕರರು. ಆರು ವರ್ಷದ ಹಿಂದೆ ಆತ ಮೂರನೇ ಕ್ಲಾಸಿನ ಮಗನನ್ನು ಕರೆದುಕೊಂಡು ನನ್ನ ಜೊತೆ ಊರಿನ ಒಂದು ಪಂದ್ಯಕ್ಕೆ ಬಂದ. ಯಾವ ಪಂದ್ಯ, ಯಾರು ನಡೆಸಿದ್ದು ಅಂತ ಇಲ್ಲಿ ಬರೆಯುವುದಿಲ್ಲ. ಯಾರ ಮೇಲೂ ದೂರು ಕೊಡಲು ಬರೆದ ಪತ್ರ ಅಲ್ಲ ಇದು. ಹುಡುಗ ಎದುರು ತಂಡದ ಜರ್ಸಿ ಹಾಕಿದ್ದ. ಹುಟ್ಟುಹಬ್ಬಕ್ಕೆ ಬಂದದ್ದು, ಹೊಸ ಬಟ್ಟೆಯ ವಾಸನೆ ಇನ್ನೂ ಹೋಗಿರಲಿಲ್ಲ.

ಗೇಟಿನಲ್ಲಿ ಸೆಕ್ಯುರಿಟಿಯವನು ತಡೆದ. "ಈ ಕಲರ್ ಒಳಗೆ ಬಿಡಲ್ಲ ಸಾರ್. ಆರ್ಡರ್ ಆಗಿದೆ." ಟಿಕೆಟ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆವು. ಅಂಥದ್ದೇನೂ ಬರೆದಿರಲಿಲ್ಲ. ಹಿಂದಿನಿಂದ ಕ್ಯೂ ತಳ್ಳುತ್ತಿತ್ತು. ಒಳಗೆ ಆಗಲೇ ಡ್ರಮ್ಮು ಶುರುವಾಗಿತ್ತು. ಕೊನೆಗೆ ಆ ಸೆಕ್ಯುರಿಟಿಯವನೇ ಪಾಪ ಒಂದು ದಾರಿ ಹೇಳಿಕೊಟ್ಟ. "ಉಲ್ಟಾ ಹಾಕ್ಸಿಬಿಡಿ ಸಾರ್, ನಾನು ನೋಡಲ್ಲ."

ಅಪ್ಪ ಬ್ಯಾರಿಕೇಡಿನ ಪಕ್ಕ ಮಂಡಿಯೂರಿ ಕೂತು ಮಗನ ಅಂಗಿ ತೆಗೆದ. ಹುಡುಗ ಬರೀ ಮೈಯಲ್ಲಿ, ಎದೆಗೆ ಎರಡೂ ಕೈ ಅಡ್ಡ ಹಿಡಿದು ನಿಂತ. ಆಚೀಚೆ ಹೋಗುವವರೆಲ್ಲ ನೋಡುತ್ತಿದ್ದರು. ಉಲ್ಟಾ ಹಾಕಿದ ಮೇಲೆ ಬೆನ್ನಿನ ನಂಬರು ಬಟ್ಟೆಯೊಳಗಿಂದ ತಿರುಗಾಮುರುಗಾ ಕಾಣುತ್ತಿತ್ತು. ಏಳು. ಸೊಂಟದ ಹತ್ತಿರ, ಬಟ್ಟೆ ಹೇಗೆ ಒಗೆಯಬೇಕು ಅಂತ ಬರೆದ ಬಿಳಿ ಪಟ್ಟಿ ಹೊರಗೆ ನೇತಾಡುತ್ತಿತ್ತು. ಮೊದಲರ್ಧ ಪೂರ್ತಿ ಅವನು ಆಟ ಬಿಟ್ಟು ಆ ಪಟ್ಟಿಯನ್ನೇ ಒಳಗೆ ತುರುಕುತ್ತಾ ಕೂತಿದ್ದ. ಅವನ ತಂಡ ಗೋಲು ಹೊಡೆಯಿತು. ಹುಡುಗ ಅರ್ಧ ಎದ್ದ, ಅಪ್ಪನ ಮುಖ ನೋಡಿದ, ಮತ್ತೆ ಕೂತ.

ಆ ಸೆಕ್ಯುರಿಟಿಯವನ ಮೇಲೆ ನನಗೆ ಸಿಟ್ಟಿಲ್ಲ. ದಿನಗೂಲಿಗೆ ಬಂದವನು, ಹೇಳಿದ್ದು ಮಾಡಿದ. ಆದರೆ ನಮ್ಮ ಕಡೆಯವರು ಗೆದ್ದ ಆ ಪಂದ್ಯ ನನಗೆ ನೆನಪಿರುವುದು ಆ ಬಿಳಿ ಪಟ್ಟಿಯಿಂದ. ಗೋಲು ಯಾರು ಹೊಡೆದರು ಅಂತ ಕೇಳಿದರೆ ಯೋಚಿಸಬೇಕು.

ನನಗೆ ಈ ಹುಚ್ಚು ಹತ್ತಿಸಿದ್ದು ನಮ್ಮಪ್ಪ. ಅವರು ಎಚ್‌ಎಎಲ್‌ನಲ್ಲಿ ಫಿಟ್ಟರ್. ನನ್ನ ಸೋದರಮಾವ ದೂರವಾಣಿ ನಗರದ ಐಟಿಐನಲ್ಲಿ. ಒಬ್ಬರದು ವಿಮಾನದ ಕಾರ್ಖಾನೆ, ಇನ್ನೊಬ್ಬರದು ಟೆಲಿಫೋನ್ ಕಾರ್ಖಾನೆ. ಆಗ ಬೆಂಗಳೂರಿನ ಫುಟ್‌ಬಾಲ್ ಅಂದರೆ ಕಾರ್ಖಾನೆ, ಮಿಲಿಟರಿ, ಸರ್ಕಾರಿ ಸಂಸ್ಥೆಗಳ ಟೀಮುಗಳೇ. ಎಚ್‌ಎಎಲ್, ಐಟಿಐ, ಎಲ್‌ಆರ್‌ಡಿಇ, ಎಂಇಜಿ, ಎಎಸ್‌ಸಿ. ಚೆನ್ನಾಗಿ ಆಡುವ ಹುಡುಗನಿಗೆ ಕೆಲಸ ಸಿಗುತ್ತಿತ್ತು. ಬೆಳಗ್ಗೆ ಮಷೀನು, ಸಂಜೆ ಮೈದಾನ. ಆಸ್ಟಿನ್ ಟೌನ್, ಮರ್ಫಿ ಟೌನ್, ಹಲಸೂರಿನ ಗೌತಮಪುರದ ಹುಡುಗರೇ ಜಾಸ್ತಿ. ಗೌತಮಪುರದಲ್ಲಿ ಇವತ್ತಿಗೂ ಪೆಲೆಯ ಪ್ರತಿಮೆ ಇದೆ, ನೋಡಿಲ್ಲದವರು ಒಮ್ಮೆ ಹೋಗಿ ಬನ್ನಿ.

ಎಚ್‌ಎಎಲ್–ಐಟಿಐ ಪಂದ್ಯ ಅಂದರೆ ನಮ್ಮ ಮನೆಯಲ್ಲಿ ಎರಡು ದಿನ ಮೊದಲೇ ಮಾತಿನ ಯುದ್ಧ. ಅಪ್ಪ ಹೇಳುತ್ತಿದ್ದರು, "ನಿಮ್ಮೋರು ಕೊಡೋ ಪಾಸು ಟ್ರಂಕ್ ಕಾಲ್ ಇದ್ದ ಹಾಗೆ ಕಣಯ್ಯ. ಬುಕ್ ಮಾಡಿ ಕಾಯ್ತಾ ಕೂರಬೇಕು." ಮಾವ ಬಿಡುತ್ತಿರಲಿಲ್ಲ. "ಭಾವ, ನಿಮ್ಮೋರು ಒದ್ದಿದ್ದೆಲ್ಲ ಮೇಲಕ್ಕೇ ಹೋಗುತ್ತಲ್ಲ, ಅದು ವಿಮಾನದ ಅಭ್ಯಾಸವಾ?"

ಇಬ್ಬರೂ ಸ್ಟೇಡಿಯಂಗೆ ಹೋಗುತ್ತಿದ್ದುದು ಒಂದೇ ಸೈಕಲ್ಲಿನಲ್ಲಿ. ಬರುವಾಗ ಸೋತ ಕಡೆಯವರು ಪೆಡಲ್ ತುಳಿಯಬೇಕು, ಗೆದ್ದವರು ಕ್ಯಾರಿಯರ್ ಮೇಲೆ. ಅಶೋಕನಗರದಿಂದ ದೊಮ್ಮಲೂರು ದಾಟಿ ವಿಮಾನಪುರದವರೆಗೆ. ಅಪ್ಪ ಬೆವರು ಸುರಿಸುತ್ತಾ ಬಂದು ಸೈಕಲ್ ಗೋಡೆಗೆ ಒರಗಿಸಿದರೆ ಅಮ್ಮ ಸ್ಕೋರು ಕೇಳುತ್ತಿರಲಿಲ್ಲ. ನೀರು ಕೊಟ್ಟು ಒಳಗೆ ಹೋಗುತ್ತಿದ್ದಳು. ಡ್ರಾ ಆದರೆ ಏನು ಮಾಡುತ್ತಿದ್ದರು ಅಂತ ಕೇಳಿದ್ದೆ. ತಳ್ಳಿಕೊಂಡು ಬರುತ್ತಿದ್ದರಂತೆ.

ಆದರೆ ಗಮನಿಸಿ, ಒಳಗೆ ಅವರಿಬ್ಬರೂ ಒಟ್ಟಿಗೆ ಕೂರುತ್ತಿರಲಿಲ್ಲ. ಗೇಟಿನವರೆಗೆ ಒಂದೇ ಸೈಕಲ್. ಒಳಗೆ ಅಪ್ಪ ವಿಮಾನದವರ ಕಡೆ, ಮಾವ ಟೆಲಿಫೋನಿನವರ ಕಡೆ. ಯಾಕೆ ಅಂದರೆ ಅಪ್ಪ ನಗುತ್ತಿದ್ದರು. "ಪಕ್ಕದಲ್ಲಿ ಕೂತು ಬೈಯೋದಕ್ಕೆ ಆಗುತ್ತೇನೋ? ಬೈಗುಳಕ್ಕೆ ಸ್ವಲ್ಪ ದೂರ ಬೇಕು." ನಾನು ನಿಮ್ಮನ್ನು ಕೇಳುತ್ತಿರುವುದು ಆ ದೂರವನ್ನೇ.

ಈಗ ಕಪ್‌ಗಳ ವಿಷಯಕ್ಕೆ ಬರೋಣ. ಬೆಂಗಳೂರು ಎಫ್‌ಸಿ ಗೆದ್ದ ಫೈನಲ್‌ಗಳನ್ನು ನೆನಪಿಸಿಕೊಳ್ಳಿ. 2015ರ ಜನವರಿಯಲ್ಲಿ ಫೆಡರೇಷನ್ ಕಪ್, ಗೋವಾದಲ್ಲಿ. ಎದುರಿಗೆ ಗೋವಾದ್ದೇ ಡೆಂಪೊ, 2–1. 2017ರಲ್ಲಿ ಮತ್ತೆ ಫೆಡರೇಷನ್ ಕಪ್, ಕಟಕ್‌ನಲ್ಲಿ ಮೋಹನ್ ಬಾಗಾನ್ ಎದುರು, ಎಕ್ಸ್‌ಟ್ರಾ ಟೈಮಿನಲ್ಲಿ 2–0. 2018ರ ಸೂಪರ್ ಕಪ್, ಭುವನೇಶ್ವರದಲ್ಲಿ ಈಸ್ಟ್ ಬೆಂಗಾಲ್ ಎದುರು 4–1. 2019ರಲ್ಲಿ ಇಂಡಿಯನ್ ಸೂಪರ್ ಲೀಗ್, ಅಂದರೆ ಐಎಸ್‌ಎಲ್, ಮುಂಬೈಯಲ್ಲಿ ಗೋವಾ ಎದುರು 1–0. ಆಟ ಮುಗಿಯಲು ಮೂರು ನಿಮಿಷ ಇರುವಾಗ ರಾಹುಲ್ ಭೇಕೆ ತಲೆ ಕೊಟ್ಟರಲ್ಲ, ಅದು. 2022ರ ಡುರಾಂಡ್ ಕಪ್, ಕೋಲ್ಕತ್ತಾದಲ್ಲಿ ಮುಂಬೈ ಸಿಟಿ ಎದುರು 2–1.

ಗೋವಾ, ಕಟಕ್, ಭುವನೇಶ್ವರ, ಮುಂಬೈ, ಕೋಲ್ಕತ್ತಾ. ಒಂದೂ ಬೆಂಗಳೂರಲ್ಲ. ನಾವು ಎತ್ತಿದ ಐದೂ ಕಪ್ ಪರ ಊರಿನಲ್ಲೇ. ಪ್ರತಿ ಸಲವೂ ಆ ಊರಿನವರು ನಮ್ಮನ್ನು ಒಳಗೆ ಬಿಟ್ಟಿದ್ದರು. ನಮ್ಮ ನೀಲಿ ಅಂಗಿಯನ್ನು ಯಾರೂ ಉಲ್ಟಾ ಹಾಕಿಸಲಿಲ್ಲ.

ಗೋವಾದ ಫೈನಲ್‌ಗೆ ನಾನು ಹೋಗಿದ್ದೆ. ರಾತ್ರಿ ಬಸ್ಸು, ಘಾಟಿಯಲ್ಲಿ ನಿದ್ದೆ ಇಲ್ಲ. ಮಡಗಾಂವ್‌ನಲ್ಲಿ ಇಳಿದಾಗ ಕಣ್ಣು ಕೆಂಪು, ಅಂಗಿ ನೀಲಿ. ಸ್ಟೇಡಿಯಂ ಹತ್ತಿರ ಒಬ್ಬ ಪೊಲೀಸಪ್ಪ ನಮ್ಮನ್ನು ನೋಡಿದ. ನನಗೆ ಒಳಗೊಳಗೇ ಪುಕಪುಕ. ಆತ ಒಂದೇ ಮಾತು ಕೇಳಿದ, "ಬೆಂಗಳೂರು?" ಹೌದು ಅಂದೆವು. ಲಾಠಿ ಎತ್ತಿ ಅದರ ತುದಿಯಿಂದ ತೋರಿಸಿದ. ಆ ಗೇಟು. ಅಷ್ಟೇ. ಇಡೀ ದಿನ ನಮಗೆ ಬೇಕಾಗಿದ್ದ ಬಂದೋಬಸ್ತ್ ಅಷ್ಟೇ.

ಇನ್ನೊಂದು ಮಾತು, ಇದೂ ನಮ್ಮವರಿಗೆ ಮರೆತುಹೋಗುತ್ತದೆ. ಕಟಕ್‌ನಲ್ಲಿ ಆ ಎರಡೂ ಗೋಲು ಹೊಡೆದದ್ದು ಸಿ.ಕೆ. ವಿನೀತ್, ಕಣ್ಣೂರಿನ ಹುಡುಗ. ನಮ್ಮ ನಾಯಕ ಸುನಿಲ್ ಛೆಟ್ರಿ ಇಲ್ಲದ ಫೈನಲ್ಲನ್ನು ನಮಗೆ ಗೆದ್ದುಕೊಟ್ಟವರು ಅವರು. ಮುಂದೆ ಕೇರಳ ಬ್ಲಾಸ್ಟರ್ಸ್‌ನ ಹಳದಿ ಅಂಗಿ ಹಾಕಿಕೊಂಡು ನಮ್ಮೆದುರೇ ಆಡಿದರು. ಆಡಲಿ. ಹಿಂದೆ ನಮ್ಮ ಅಹ್ಮದ್ ಖಾನ್ ಕೋಲ್ಕತ್ತಾಗೆ ಹೋಗಿ ಈಸ್ಟ್ ಬೆಂಗಾಲ್‌ನ ಐವರು ಫಾರ್ವರ್ಡ್‌ಗಳ 'ಪಂಚಪಾಂಡವ'ರಲ್ಲಿ ಒಬ್ಬರಾದರು. ಬಂಗಾಳಿಗಳು ಅವರನ್ನು ತಲೆ ಮೇಲೆ ಹೊತ್ತರು. ಅದಕ್ಕೂ ಮುಂಚೆ, 1937ರಲ್ಲಿ, ಬ್ಯಾಂಗಲೋರ್ ಮುಸ್ಲಿಮ್ಸ್ ತಂಡ ಬೊಂಬಾಯಿಗೆ ಹೋಗಿ ರೋವರ್ಸ್ ಕಪ್ ಎತ್ತಿಕೊಂಡು ಬಂತು. 1938ರಲ್ಲಿ ಇನ್ನೊಂದು ಸಲ. ಬೆಂಗಳೂರಿನ ಫುಟ್‌ಬಾಲ್ ಕತೆಯಲ್ಲಿ ಅರ್ಧ ಪರ ಊರಿನ ಮೈದಾನದ ಕತೆಯೇ.

ನಮ್ಮ ಊರಿನಲ್ಲಿ ನಾವು ಆಡಿದ ದೊಡ್ಡ ಫೈನಲ್ ಯಾವುದು? 2018ರ ಮಾರ್ಚ್ 17, ಕಂಠೀರವ, ಐಎಸ್‌ಎಲ್ ಫೈನಲ್. ಎದುರಿಗೆ ಚೆನ್ನೈಯಿನ್. ಆ ದಿನದ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಸಹಿಸಿಕೊಳ್ಳಿ.

ಸುಪ್ರೀಂ ಕೋರ್ಟಿನ ಕಾವೇರಿ ತೀರ್ಪು ಬಂದಿದ್ದು ಅದೇ ವರ್ಷ ಫೆಬ್ರವರಿ 16ಕ್ಕೆ. ಅಂದರೆ ಫೈನಲ್‌ಗೆ ಸುಮಾರು ಒಂದು ತಿಂಗಳು ಮುಂಚೆ. 2016ರ ಸೆಪ್ಟೆಂಬರಿನಲ್ಲಿ ಇದೇ ಊರಿನಲ್ಲಿ ತಮಿಳುನಾಡಿನ ಬಸ್ಸುಗಳಿಗೆ ಬೆಂಕಿ ಬಿದ್ದದ್ದನ್ನು ಎಲ್ಲರೂ ನೋಡಿದ್ದೆವು. ಫೈನಲ್ ಆಗಿ ತಿಂಗಳೊಳಗೆ, ಏಪ್ರಿಲಿನಲ್ಲಿ, ಕಾವೇರಿ ಗಲಾಟೆಯಿಂದಲೇ ಚೆನ್ನೈನ ಐಪಿಎಲ್ ಪಂದ್ಯಗಳು ಪುಣೆಗೆ ಹೋದವು. ಇವೆರಡರ ನಡುವೆ, ರಾತ್ರಿ ಎಂಟಕ್ಕೆ, ಬೆಂಗಳೂರಿಗೂ ಚೆನ್ನೈಗೂ ಕಪ್ ಫೈನಲ್. ಕಾಗದದ ಮೇಲೆ ನೋಡಿದರೆ ಯಾವ ಅಧಿಕಾರಿಯೂ 'ಬೇಡಪ್ಪಾ ಸಹವಾಸ' ಅನ್ನಬೇಕು. ಯಾರೋ ಹಾಗೆ ಅನ್ನಲಿಲ್ಲ. ಅವರಿಗೆ ನನ್ನ ನಮಸ್ಕಾರ.

ಲೀಗಿನಲ್ಲಿ ನಾವೇ ಮೊದಲು, ಅವರು ಎರಡನೆಯವರು. ಒಂಬತ್ತನೇ ನಿಮಿಷಕ್ಕೆ ಉದಾಂತ ಸಿಂಗ್ ಬಲಗಡೆಯಿಂದ ಕೊಟ್ಟ ಚೆಂಡಿಗೆ ಛೆಟ್ರಿ ಎಗರಿ ಬಿದ್ದು ತಲೆ ಕೊಟ್ಟರು. ಗೋಲು. ಕಂಠೀರವ ಮುಗಿಲಿಗೆ ಹೋಯಿತು. ನನ್ನ ಪಕ್ಕದವನ ಪಾಪ್‌ಕಾರ್ನ್ ಪೂರ್ತಿ ನನ್ನ ತಲೆ ಮೇಲೆ. ಆಮೇಲೆ ಅವರ ಬ್ರೆಜಿಲ್‌ನ ಡಿಫೆಂಡರ್ ಮೈಲ್ಸನ್ ಆಲ್ವೆಸ್ ಕಾರ್ನರ್‌ಗೆ ಒಂದು ಹೆಡರ್ ಹಾಕಿದರು. ಹಾಫ್ ಟೈಮಿಗೆ ಮುಂಚೆ ಮತ್ತೆ ಅದೇ ಕಾರ್ನರ್, ಅದೇ ತಲೆ. ಎರಡನೇ ಅರ್ಧದಲ್ಲಿ ರಫಾಯೆಲ್ ಆಗುಸ್ಟೊ ದೂರದಿಂದ ಮೂರನೆಯದು. ಕೊನೆಯಲ್ಲಿ ನಮ್ಮ ಮಿಕು ಒಂದು ವಾಪಸ್ ಕೊಟ್ಟರು. ಅಷ್ಟರಲ್ಲಿ ಹೊತ್ತು ಮೀರಿತ್ತು. 2–3. ನಮ್ಮ ಮನೆಯಂಗಳದಲ್ಲಿ ಪಕ್ಕದ ಮನೆಯವರು ಪಟಾಕಿ ಹೊಡೆದಂತಾಯಿತು.

ಚೆನ್ನೈಯವರು ಒಂದು ಮೂಲೆಯಲ್ಲಿ ಕುಣಿಯುತ್ತಿದ್ದರು. ಹೆಚ್ಚು ಜನ ಇರಲಿಲ್ಲ. ಆದರೆ ಇಪ್ಪತ್ತು ಸಾವಿರಕ್ಕೂ ಮೇಲಿದ್ದ ಜನ ಬಾಯಿ ಮುಚ್ಚಿದಾಗ ಸ್ವಲ್ಪ ಜನರ ಕೂಗು ಎಷ್ಟು ದೂರ ಕೇಳುತ್ತದೆ ಅಂತ ಅವತ್ತು ಗೊತ್ತಾಯಿತು. ಅದು ನನ್ನನ್ನು ಕೊಂದುಹಾಕಿತು. ಈಗ ಯೋಚಿಸಿದರೆ, ಆ ಕೂಗು ಇಲ್ಲದಿದ್ದರೆ ಸೋಲು ಇಷ್ಟು ದಿನ ನೆನಪಿರುತ್ತಿತ್ತಾ? ಮುಂದಿನ ವರ್ಷ ಮುಂಬೈಯಲ್ಲಿ ಗೆದ್ದಾಗ ಅಷ್ಟು ಅಳು ಬರುತ್ತಿತ್ತಾ?

ಪಂದ್ಯ ಮುಗಿದು ಹೊರಗೆ ಬಂದೆ. ಇಬ್ಬರು ಹುಡುಗರು ದಾರಿ ಹುಡುಕುತ್ತಿದ್ದರು. ಅವರದೂ ನೀಲಿ ಅಂಗಿ. ಇದೊಂದು ತಮಾಷೆ, ನಮ್ಮದೂ ನೀಲಿ, ಚೆನ್ನೈಯಿನ್‌ದೂ ನೀಲಿ. ಅಂಗಿಯ ಬಣ್ಣ ನೋಡಿ ಜನರನ್ನು ಬೇರೆ ಮಾಡಿ ಅಂತ ಹೇಳಿದ್ದರೆ ಅವತ್ತು ಸೆಕ್ಯುರಿಟಿಯವರು ಏನು ಮಾಡುತ್ತಿದ್ದರೋ. ನಾನು ನಮ್ಮವರೇ ಅಂದುಕೊಂಡು, "ಥೂ, ಕಾರ್ನರ್ ಕಾಯೋಕೆ ಬರಲ್ವಲ್ಲ ನಮ್ಮೋರಿಗೆ" ಅಂದೆ. ಅವನು ಮೆಲ್ಲಗೆ ತಮಿಳಿನಲ್ಲಿ ಶಾಂತಿನಗರ ಬಸ್ ಸ್ಟ್ಯಾಂಡ್ ಎಲ್ಲಿ ಅಂತ ಕೇಳಿದ. ನಾನು ಹಲಸೂರಿನ ಶಾಲೆಯಲ್ಲಿ ಓದಿದವನು, ತಮಿಳು ಬರುತ್ತದೆ. ತಮಿಳಿನಲ್ಲೇ ಎರಡು ಮಾತು ಬೈದೆ, ತಮಿಳಿನಲ್ಲೇ ದಾರಿ ಹೇಳಿದೆ. ಆಟೊದವನು ಮುನ್ನೂರು ಕೇಳಿದ. ಸರಿ, ನಡೆಯೋಣ ಬನ್ನಿ ಅಂದೆ. ರಿಚ್ಮಂಡ್ ಸರ್ಕಲ್ ದಾಟುವವರೆಗೆ ಒಬ್ಬ ಸುಮ್ಮನಿದ್ದ. ಆಮೇಲೆ ಹೇಳಿದ, "ಅಣ್ಣಾ, ನಿಮ್ಮ ಊರು ಚೆನ್ನಾಗಿದೆ. ಸಾಂಬಾರಿಗೆ ಮಾತ್ರ ಯಾಕೆ ಬೆಲ್ಲ ಹಾಕ್ತೀರಾ?" ಕಪ್ ತಗೊಂಡು ಹೋಗುವವನು ಸಾಂಬಾರನ್ನೂ ಬಿಡಲಿಲ್ಲ ನೋಡಿ.

ನಿಮ್ಮ ಭಯ ನನಗೆ ಗೊತ್ತು. ಭಯ ಸುಳ್ಳೂ ಅಲ್ಲ. 1980ರ ಆಗಸ್ಟ್ 16ರಂದು ಕೋಲ್ಕತ್ತಾದ ಈಡನ್ ಗಾರ್ಡನ್ಸ್‌ನಲ್ಲಿ ಮೋಹನ್ ಬಾಗಾನ್–ಈಸ್ಟ್ ಬೆಂಗಾಲ್ ಪಂದ್ಯದ ವೇಳೆ ಗಲಾಟೆಯಾಗಿ 16 ಜನ ಸತ್ತರು. ಅವತ್ತು ಎರಡೂ ಕಡೆಯವರು ಒಂದೇ ಸ್ಟ್ಯಾಂಡಿನಲ್ಲಿ ಬೆರೆತು ಕೂತಿದ್ದರು. ಅದರಿಂದ ಕೋಲ್ಕತ್ತಾ ಕಲಿತದ್ದೇನು? ಎದುರು ಕಡೆಯವರನ್ನು ಹೊರಗಿಡುವುದನ್ನಲ್ಲ. 2023ರ ಸೆಪ್ಟೆಂಬರಿನಲ್ಲಿ ಡುರಾಂಡ್ ಕಪ್ ಫೈನಲ್‌ನಲ್ಲಿ ಅದೇ ಎರಡು ತಂಡ ಅದೇ ಊರಿನ ಸಾಲ್ಟ್ ಲೇಕ್ ಸ್ಟೇಡಿಯಂನಲ್ಲಿ ಎದುರುಬದುರಾದವು. ಹತ್ತು ಜನರಲ್ಲಿ ಆಡಿದ ಮೋಹನ್ ಬಾಗಾನ್ 1–0ಗೆ ಗೆದ್ದಿತು. ಎರಡೂ ಕಡೆಯವರು ಮೈದಾನದಲ್ಲಿದ್ದರು. ಈಸ್ಟ್ ಬೆಂಗಾಲ್‌ನವರು ಹಿಲ್ಸಾ ಮೀನು, ಮೋಹನ್ ಬಾಗಾನ್‌ನವರು ಸೀಗಡಿ ಅಂತ ಜಗಳ ಆಡುವ ಊರು ಅದು. ಮೀನಿನ ಜಗಳಕ್ಕೆ ಇಷ್ಟು ವ್ಯವಸ್ಥೆ ಮಾಡಬಹುದಾದರೆ ಬೆಲ್ಲದ ಜಗಳಕ್ಕೆ ನಮ್ಮಿಂದ ಆಗುವುದಿಲ್ಲವೇ?

ಇನ್ನೊಂದನ್ನು ಹೇಳಲು ಕೈ ನಡುಗುತ್ತದೆ, ಆದರೂ ಹೇಳಬೇಕು. 2025ರ ಜೂನ್ 4. ಕಂಠೀರವದಿಂದ ಕಬ್ಬನ್ ಪಾರ್ಕಿನ ಆಚೆ ಬದಿಗೆ, ಚಿನ್ನಸ್ವಾಮಿ ಸ್ಟೇಡಿಯಂ ಗೇಟುಗಳ ಹತ್ತಿರ ನೂಕುನುಗ್ಗಲಿನಲ್ಲಿ 11 ಜನ ಹೋದರು. ಹೆಚ್ಚಿನವರು ಚಿಕ್ಕ ವಯಸ್ಸಿನವರು. ಅವತ್ತು ಅಲ್ಲಿ ಎದುರು ತಂಡವೇ ಇರಲಿಲ್ಲ. ಪಂದ್ಯವೂ ಇರಲಿಲ್ಲ. ಬಂದವರೆಲ್ಲ ಒಂದೇ ತಂಡದವರು, ಒಂದೇ ಬಣ್ಣದವರು, ಖುಷಿಗೆ ಬಂದವರು. ಪಾಸು ಬೇಕಾ ಬೇಡವಾ, ಯಾವ ಗೇಟು ಯಾವಾಗ ತೆರೆಯುತ್ತದೆ ಅನ್ನುವುದು ಜನರಿಗೆ ಗೊತ್ತಿರಲಿಲ್ಲ. ಎದುರು ಕಡೆಯವರನ್ನು ಹೊರಗಿಟ್ಟರೆ ಮೈದಾನ ಸುರಕ್ಷಿತ ಅಂತ ಯಾರಾದರೂ ನನಗೆ ಹೇಳಿದರೆ ನಾನು ಆ ದಿನವನ್ನು ನೆನಪಿಸುತ್ತೇನೆ.

ಇದೇ ಊರಿನ ಪೊಲೀಸರು ವರ್ಷ ವರ್ಷ ಕರಗ ನಡೆಸಿಕೊಡುತ್ತಾರೆ. ಚೈತ್ರ ಹುಣ್ಣಿಮೆ ರಾತ್ರಿ ಪೇಟೆಯ ಆ ಸಂದಿಗೊಂದಿಗಳಲ್ಲಿ ಲಕ್ಷಾಂತರ ಜನ. ಹೂವಿನ ಕರಗ ಎಲ್ಲಿ ಬರುತ್ತದೆ, ಮಸ್ತಾನ್ ಸಾಬ್ ದರ್ಗಾಗೆ ಯಾವಾಗ ಹೋಗುತ್ತದೆ, ಜನ ಎಲ್ಲಿ ನಿಲ್ಲಬೇಕು, ಎಲ್ಲ ಲೆಕ್ಕ ಇರುತ್ತದೆ. ಕಂಠೀರವ ನಿಂತಿರುವುದೇ ಸಂಪಂಗಿ ಕೆರೆಯ ಅಂಗಳದಲ್ಲಿ, ಕರಗಕ್ಕೆ ಸೇರಿದ ಜಾಗದಲ್ಲಿ. ಲಕ್ಷಾಂತರ ಜನರನ್ನು ಬೆಳಗಿನ ಜಾವದವರೆಗೆ ಸಂಭಾಳಿಸುವವರಿಗೆ ಎರಡು ಸಾವಿರ ಮಲಯಾಳಿಗಳನ್ನು ಎರಡು ಗಂಟೆ ಕೂರಿಸುವುದು ಎಷ್ಟರ ಕೆಲಸ?

ಹೇಗೆ ಮಾಡಬಹುದು ಅಂತಲೂ ಯೋಚಿಸಿದ್ದೇನೆ. ನೂರಕ್ಕೆ ಹತ್ತು ಸೀಟು ಸಾಕು. ಇಂಗ್ಲೆಂಡಿನ ಎಫ್‌ಎ ಕಪ್‌ನಲ್ಲಿ ಹೊರಗಿನ ತಂಡಕ್ಕೆ ನೂರಕ್ಕೆ 15ರವರೆಗೆ ಕೊಡುವ ನಿಯಮವೇ ಇದೆ. ನಾವು ಅಷ್ಟು ದೊಡ್ಡ ಮನಸ್ಸು ಮಾಡದಿದ್ದರೂ ಪರವಾಗಿಲ್ಲ. ಆ ಸೀಟುಗಳನ್ನು ಅವರ ಕ್ಲಬ್ಬಿನ ಮೂಲಕವೇ ಮಾರಿ, ಯಾರಿಗೆ ಹೋಯಿತು ಅಂತ ಲೆಕ್ಕ ಇರಲಿ. ನಮ್ಮ ನೀಲಿ ಅಂಗಿಯವರು ಕೂರುವ ವೆಸ್ಟ್ ಬ್ಲಾಕಿನಿಂದ ಆದಷ್ಟು ದೂರದ ಮೂಲೆ ಕೊಡಿ. ಎರಡೂ ಕಡೆ ಒಂದೊಂದು ಬ್ಲಾಕು ಖಾಲಿ ಬಿಡಿ. ಟಿಕೆಟ್ ಮೇಲೆ ಗೇಟಿನ ನಂಬರು ದಪ್ಪಕ್ಷರದಲ್ಲಿ ಇರಲಿ. ಈಗಿನ ಟಿಕೆಟ್ ಓದಲು ನನ್ನ ವಯಸ್ಸಿನವರಿಗೆ ಎರಡು ಕನ್ನಡಕ ಬೇಕು.

ಅಂಗಿಯ ನಿಯಮ ಏನೇ ಇರಲಿ, ಟಿಕೆಟ್ ಮಾರುವಾಗಲೇ ಹೇಳಿ. ಕನ್ನಡದಲ್ಲಿ ಹೇಳಿ, ಬರುವವರ ಭಾಷೆಯಲ್ಲೂ ಹೇಳಿ. ಗೇಟಿನಲ್ಲಿ ಹೇಳಬೇಡಿ. ಗೇಟಿನಲ್ಲಿ ಹೇಳಿದರೆ ಅಲ್ಲಿ ಬಟ್ಟೆ ಬಿಚ್ಚಬೇಕಾಗುತ್ತದೆ.

ಕೇರಳದವರು ಚೆಂಡೆ ತರುತ್ತೇವೆ ಅಂದರೆ ತರಲಿ. ನಮ್ಮಲ್ಲಿ ತಮಟೆ ಇದೆ. ಯಾರದ್ದು ಜೋರು ಅಂತ ನೋಡೇಬಿಡೋಣ.

ಪಂದ್ಯ ಮುಗಿದ ಮೇಲಿನ ಅರ್ಧ ಗಂಟೆಯೇ ಮುಖ್ಯ. ಒಂದು ಕಡೆಯವರನ್ನು ಸ್ವಲ್ಪ ಹೊತ್ತು ಕೂರಿಸಿ, ಇನ್ನೊಂದು ಕಡೆಯವರನ್ನು ಬಿಡಿ. ಹೊರಗಿನವರನ್ನು ಕೂರಿಸುವುದಾದರೆ ಕುಡಿಯಲು ನೀರು ಕೊಡಿ. ಬಾಟಲಿ ಒಳಗೆ ಬಿಡುವುದಿಲ್ಲ ಅನ್ನುತ್ತೀರಿ, ಸರಿ. ಹಾಗಾದರೆ ಒಳಗೆ ನಲ್ಲಿ ಇರಬೇಕು, ನಲ್ಲಿಯಲ್ಲಿ ನೀರೂ ಇರಬೇಕು. ಹೆಂಗಸರ ಶೌಚಾಲಯದ ಬಗ್ಗೆ ನನ್ನ ಮಗಳು ಬೇರೆ ಪತ್ರ ಬರೆಯುತ್ತಾಳಂತೆ. ಅದು ಇದಕ್ಕಿಂತ ಖಾರವಾಗಿರುತ್ತದೆ, ಈಗಲೇ ಹೇಳಿಬಿಡುತ್ತೇನೆ.

ಮೆಟ್ರೊ ವಿಷಯ. ರಾತ್ರಿ ಎಂಟರ ಫೈನಲ್ ಎಕ್ಸ್‌ಟ್ರಾ ಟೈಮು, ಪೆನಾಲ್ಟಿ ಅಂತ ಹೋದರೆ ಹತ್ತೂಮುಕ್ಕಾಲು. ಕಪ್ ಕೊಡುವಷ್ಟರಲ್ಲಿ ಹನ್ನೊಂದು. ಐಪಿಎಲ್ ದಿನ ಮೆಟ್ರೊ ಹೊತ್ತು ಮೀರಿ ಓಡುತ್ತದೆ. ಫುಟ್‌ಬಾಲ್ ಫೈನಲ್‌ಗೂ ಓಡಲಿ. ಕೊಚ್ಚಿಯ ಬಸ್ಸು ಹಿಡಿಯುವವನೂ, ಚಲ್ಲಘಟ್ಟಕ್ಕೆ ಹೋಗುವವನೂ ಕಬ್ಬನ್ ಪಾರ್ಕ್ ಸ್ಟೇಷನ್ನಿನ ಮುಚ್ಚಿದ ಶಟರ್ ಮುಂದೆ ಒಟ್ಟಿಗೆ ನಿಂತರೆ ಆಗ ನಿಜವಾಗಿ ಜಗಳ ಆಗುತ್ತದೆ.

ನಮ್ಮ ಕಡೆಯವರಿಗೂ ಒಂದು ಮಾತು, ಇದು ಬಹಿರಂಗ ಪತ್ರ ಅಲ್ವಾ. 2023ರ ಮಾರ್ಚ್ 3 ನೆನಪಿದೆ ತಾನೇ? ಎಕ್ಸ್‌ಟ್ರಾ ಟೈಮಿನಲ್ಲಿ, ಕೇರಳದವರು ಸಜ್ಜಾಗುವ ಮುಂಚೆಯೇ, ಛೆಟ್ರಿ ಸರಸರ ಫ್ರೀಕಿಕ್ ಹೊಡೆದರು. ಗೋಲು ಅಂದರು ರೆಫರಿ. ಕೇರಳದವರ ಕೋಚು ಆಟಗಾರರನ್ನೇ ಕರೆದುಕೊಂಡು ಹೊರಗೆ ಹೋದರು. ಕ್ಲಬ್ಬಿಗೆ ನಾಲ್ಕು ಕೋಟಿ ದಂಡ ಬಿತ್ತು. ಆ ಗೋಲು ಸರಿಯೋ ತಪ್ಪೋ ಅಂತ ನಾನೂ ಮೂರು ಮನೆ ಆಚೆಯವನೂ ಇವತ್ತಿಗೂ ಕಾಂಪೌಂಡಿನಲ್ಲಿ ನಿಂತು ವಾದ ಮಾಡುತ್ತೇವೆ. ಸರಿ ಅಂತಲೇ ನನ್ನ ವಾದ, ಸಾಯುವವರೆಗೂ. ನೀವೂ ವಾದ ಮಾಡಿ, ಕೂಗಿ, ಹಾಡು ಕಟ್ಟಿ ರೇಗಿಸಿ. ಆದರೆ 'ನಿಮ್ಮೂರಿಗೆ ಹೋಗಿ' ಅನ್ನಬೇಡಿ. ಆ ಸ್ಟ್ಯಾಂಡಿನಲ್ಲಿ ಕೂತವರಲ್ಲಿ ಎಷ್ಟೋ ಜನರಿಗೆ ಇದೇ ಊರು. ರಾತ್ರಿ ಹೋಗುವುದು ಜಾಲಹಳ್ಳಿಗೆ, ಮಡಿವಾಳಕ್ಕೆ, ಕಮ್ಮನಹಳ್ಳಿಗೆ.

ಆ ಹುಡುಗ ಈಗ ಒಂಬತ್ತನೇ ಕ್ಲಾಸು. ಹಳೇ ಜರ್ಸಿ ಚಿಕ್ಕದಾಗಿ ಅದನ್ನು ಅವನ ತಂಗಿ ಹಾಕುತ್ತಾಳೆ. ಮನೆಯಲ್ಲಿ ಮಾತ್ರ. ಅವನು ಹೊಸದು ಕೊಂಡಿದ್ದಾನೆ, ಮತ್ತೆ ಏಳನೇ ನಂಬರು. ಹೋದ ಭಾನುವಾರ ನಾನು ಗಾಡಿ ಒರೆಸುತ್ತಿದ್ದಾಗ ಬಂದು ನಿಂತ. ಮುಂದಿನ ಸಲ ಇಲ್ಲಿ ಫೈನಲ್ ಆದರೆ ಕರೆದುಕೊಂಡು ಹೋಗ್ತೀರಾ ಅಂಕಲ್ ಅಂತ ಕೇಳಿದ. ಗೇಟಿನವರೆಗೆ ಒಟ್ಟಿಗೆ ಹೋಗೋಣ, ಒಳಗೆ ನೀನು ನಿಮ್ಮ ಕಡೆ, ನಾನು ನಮ್ಮ ಕಡೆ ಅಂದೆ. ಅವನಿಗೆ ಖುಷಿಯಾಯಿತು. ಆಮೇಲೆ ಒಂದು ಕ್ಷಣ ಯೋಚಿಸಿ ಕೇಳಿದ, "ನಮ್ಮದು ಯಾವ ಗೇಟು ಅಂಕಲ್?"

ವಿಚಾರಿಸಿ ಹೇಳುತ್ತೇನೆ ಅಂದಿದ್ದೇನೆ.

ಇಂತಿ,
ವೆಸ್ಟ್ ಬ್ಲಾಕಿನ ಒಬ್ಬ ನೀಲಿ ಅಂಗಿಯವನು
ಮುರುಗೇಶಪಾಳ್ಯ, ಬೆಂಗಳೂರು